ನಾಲ್ಕೂವರೆ ಮೊಳ

ಮಲ್ಲಿಗೆಯ ವಾಸನೆ ಮೂಗಿಗೆ ಬಿದ್ದರೆ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಆಗ ನಾನು ಒಂಬತ್ತನೇ ಕ್ಲಾಸು. ಮಂಡಕಳ್ಳಿಯಲ್ಲಿ ವಿಮಾನ ಇಳಿಯುವುದನ್ನು ಒಂದು ಸಲ ಬೇಲಿಯಾಚೆಯಿಂದ ನೋಡಿ ಬಂದವಳೇ ಪೈಲಟ್ ಆಗುತ್ತೇನೆಂದು ಹಟ ಹಿಡಿದಿದ್ದೆ. ಒಂದು ಮಧ್ಯಾಹ್ನ, ದೇವರಾಜ ಮಾರ್ಕೆಟ್ಟಿನಲ್ಲಿ ಹೂವು ಮಾರುತ್ತಿದ್ದ ಅಜ್ಜಿಯ ಪಕ್ಕ ಒದ್ದೆ ಗೋಣಿಚೀಲದ ಮೇಲೆ ಕೂತು ಅದನ್ನೇ ಹೇಳುತ್ತಿದ್ದೆ. ಆಟೋ ಓಡಿಸುತ್ತಿದ್ದ ಮಾವ ಟೀ ಕುಡಿಯುತ್ತಾ ನಕ್ಕ.

"ಪೈಲಟ್ ಆಗೋಕೆ ಎತ್ತರ ಬೇಕು ಕಣವ್ವ. ಇವಳಿಗೆ ನನ್ನ ಆಟೋ ಬ್ರೇಕೇ ಎಟುಕಲ್ಲ."

ಅಜ್ಜಿ ಕಟ್ಟುತ್ತಿದ್ದ ದಾರ ಕೆಳಗಿಟ್ಟಳು. ನನ್ನನ್ನು ಎಬ್ಬಿಸಿ ನಿಲ್ಲಿಸಿ, ಹೂವಿಗೆ ಹಾಕುವ ಹಾಗೆಯೇ ಪಾದದಿಂದ ನೆತ್ತಿಯವರೆಗೆ ಮೊಳ ಹಾಕಿದಳು. ಅವಳ ತಣ್ಣನೆಯ ಕೈ ತಾಗಿ ನನಗೆ ಕಚಗುಳಿ.

"ನಾಲ್ಕೂವರೆ!"

ಆಮೇಲೆ ಮಾವನನ್ನೂ ಅಳೆದಳು. "ನಿಂದು ನಾಲ್ಕೂ ಇಲ್ಲ. ಹೋಗ್ಲಾ, ಎತ್ತರದ ಮಾತಾಡಕ್ಕೆ ಬಂದ್ಬುಟ್ಟ."

ನನಗಿಂತ ಒಂದು ತಲೆ ಎತ್ತರವಿದ್ದ ಮಾವ ಬಾಯಿ ಬಿಟ್ಟುಕೊಂಡು ನಿಂತ. ಆದರೆ ಆಗಷ್ಟೇ ಎರಡು ಮೊಳ ಮಲ್ಲಿಗೆ ಕೊಂಡಿದ್ದ ಹೆಂಗಸೊಬ್ಬರು ಅಜ್ಜಿಯ ಕೈಯನ್ನೇ ನೋಡುತ್ತಿದ್ದರು. ನನ್ನನ್ನು ಅಳೆಯುವಾಗ ಅವಳು ಮುಷ್ಟಿ ಕಟ್ಟಿದ್ದಳು, ಮಾವನಿಗೆ ಬೆರಳು ಪೂರ್ತಿ ಚಾಚಿದ್ದಳು.

"ಅಜ್ಜಿ, ನನ್ನ ಹೂವಿಗೆ ಯಾವ ಮೊಳ ಹಾಕಿದ್ರಿ?"

ಅಜ್ಜಿ ಅಷ್ಟು ವರ್ಷ ಕಾಪಾಡಿಕೊಂಡು ಬಂದ ಗುಟ್ಟು ಅದು. ಬೆರಳು ಚಾಚಿ ಇನ್ನೊಂದು ಮೊಳ ಅಳೆದು ಕತ್ತರಿಸಿ ಕೊಟ್ಟಳು. ಮಾವ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅಜ್ಜಿ ಅವನ ಕಡೆ ತಿರುಗಿದಳು.

"ಹೂವಿನ ಅಳತೆ ತಪ್ಪಿರ್ಬೋದು ಕಣ್ಲಾ. ಇವಳು ಮಾತ್ರ ನಾಲ್ಕೂವರೆನೇ."