ಎತ್ತಿದರೆ ಸಾಕು

ಬಾಗಿಲು ಮುಚ್ಚಿಕೊಂಡ ಸದ್ದಿಗೆ ಮೆಕ್ಯಾನಿಕ್ ಹೆದರಲಿಲ್ಲ. ದೀಪ ಆರಿದಾಗ ಎದೆ ಧಸಕ್ಕೆಂದಿತು. ಆ ದೀಪದ ಸ್ವಿಚ್ಚು ಇದ್ದದ್ದು ಹೊರಗೆ.

“ಅಜ್ಜಾ! ಒಳಗಿದ್ದೀನಿ!” ಎಂದು ಕಾವಲುಗಾರನಿಗೆ ಕೇಳಲೆಂದು ಗಂಟಲು ಹರಿಯುವಂತೆ ಕೂಗಿದ. ತಲೆಯ ಮೇಲೆ ನಾಲ್ಕು ದೊಡ್ಡ ಫ್ಯಾನುಗಳು ಭೋರ್ಗರೆಯುತ್ತಿದ್ದವು. ಅವನ ಕೂಗು ಅವನಿಗೇ ಸರಿಯಾಗಿ ಕೇಳಿಸಲಿಲ್ಲ. ಇನ್ನು ಗೇಣುದಪ್ಪದ ಬಾಗಿಲು ದಾಟುವ ಮಾತೆಲ್ಲಿ ಬಂತು?

ಅದು ಐಸ್‌ಕ್ರೀಮ್ ಗೋದಾಮಿನ ಶೀತಕೋಣೆ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಮೈಮೇಲೆ ಇದ್ದದ್ದು ಅರ್ಧ ತೋಳಿನ ಶರ್ಟು. ಒಳಗಿನಿಂದ ಬಾಗಿಲು ತೆಗೆಯುವ ಹಿಡಿ ಮುರಿದು ತಿಂಗಳಾಗಿತ್ತು. ಬಾಗಿಲಿನ ಪುಟ್ಟ ಗಾಜಿಗೆ ಕಟ್ಟಿದ್ದ ಮಂಜನ್ನು ಉಜ್ಜಿ ನೋಡಿದ. ಹೊರಗಿನ ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹದಿನೈದು ನಿಮಿಷ. ಐದಕ್ಕೆ ಕಾವಲುಗಾರ ಬೀಗ ಜಡಿದು ಹೊರಟರೆ ನಡುವೆ ಭಾನುವಾರ. ಸೋಮವಾರ ಬೆಳಿಗ್ಗೆಯವರೆಗೆ ಇತ್ತ ನರಪಿಳ್ಳೆಯೂ ಸುಳಿಯುವುದಿಲ್ಲ. ಅಷ್ಟರಲ್ಲಿ ತಾನೂ ಇಲ್ಲಿನ ಸರಕಿನ ಜೊತೆ ಸೇರಿಹೋಗಿರುತ್ತೇನೆ ಎನ್ನಿಸಿ ಅವನಿಗೆ ಅಳು ಬಂತು.

ಆದರೆ ಫೋನಿತ್ತು. ಬಾಗಿಲ ಪಕ್ಕದ ಗೋಡೆಯಲ್ಲೇ ಇತ್ತು. ಯಾರಾದರೂ ಒಳಗೆ ಸಿಕ್ಕಿಕೊಂಡಾರೆಂದು ಎಂದೋ ಹಾಕಿಸಿದ್ದ ಹಳೆಯ ಕಪ್ಪು ಫೋನು. ಅದರಲ್ಲಿ ಒತ್ತಲು ಅಂಕಿಗಳೇ ಇಲ್ಲ. ರಿಸೀವರ್ ಎತ್ತಿದರೆ ಸಾಕು, ಕಾವಲುಗಾರನ ಮೇಜಿನ ಕೆಂಪು ಫೋನು ಬಡಿದುಕೊಳ್ಳುತ್ತದೆ. ಹಳೆಯ ಲೈನು ಸತ್ತುಹೋಗಿದ್ದರಿಂದ ಇವತ್ತು ಅವನೇ ಬಂದು ಅಡಾಪ್ಟರ್ ಕೂರಿಸಿದ್ದ. ಅಂಗೈಯಗಲದ ಪೆಟ್ಟಿಗೆ. ಒಂದು ಕಡೆ ಹಳೆಯ ಫೋನಿನ ತಂತಿ, ಇನ್ನೊಂದು ಕಡೆ ಇಂಟರ್ನೆಟ್ ಕೇಬಲ್. ಎತ್ತಿದಾಗ ಯಾವ ಫೋನು ಬಡಿದುಕೊಳ್ಳಬೇಕೋ ಅದರ ನಂಬರನ್ನು ಲ್ಯಾಪ್‌ಟಾಪಿನಿಂದ ಅದಕ್ಕೆ ತುಂಬಬೇಕು. ಈಗ ಒಳಗೆ ಬಂದದ್ದೂ ಆ ಫೋನಿನ ಕೆಳಗೆ ಲೇಬಲ್ ಅಂಟಿಸಲೆಂದೇ: ‘ಎತ್ತಿದರೆ ಸಾಕು, ಕಾವಲುಗಾರ ಬರುತ್ತಾರೆ.’

ಎತ್ತಿದ. ಟ್ರಿಣ್... ಟ್ರಿಣ್... ಕರೆ ಹೋಗುತ್ತಿತ್ತು! ಹೋದ ಜೀವ ಬಂದಂತಾಯಿತು.

ಗಾಜಿನಾಚೆ ಕಾವಲುಗಾರ ಮೇಜಿನ ಮುಂದೆಯೇ ಕುಳಿತಿದ್ದ. ಗೋದಾಮಿನಲ್ಲಿ ಎಲ್ಲರಿಗೂ ಅವನು ಮೀಸೆ ಅಜ್ಜ. ಅಜ್ಜ ಮೇಜಿನ ಕಡೆ ನೋಡಿದ. ಬೇಡ ಎಂಬಂತೆ ತಲೆಯಾಡಿಸಿದ. ಮತ್ತೆ ಪತ್ರಿಕೆ ಮಡಚತೊಡಗಿದ.

ಮೆಕ್ಯಾನಿಕ್ ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿದ. ಪೆಟ್ಟಿಗೆಯೇ ಕೆಟ್ಟಿತೇ? ಸಾಧ್ಯವಿಲ್ಲ. ಮಧ್ಯಾಹ್ನ ಹಮಾಲಿಯೊಬ್ಬನಿಂದ ರಿಸೀವರ್ ಎತ್ತಿಸಿ, ಇತ್ತ ತನ್ನ ಮೊಬೈಲಿನಲ್ಲೇ ಅವನ ಮಾತು ಕೇಳಿದ್ದ. ಸ್ವಂತ ಕಿವಿಯಿಂದ ಕೇಳದೆ ಅವನು ಯಾವ ಕೆಲಸವನ್ನೂ ನಂಬಿದವನಲ್ಲ. ಪೆಟ್ಟಿಗೆ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಅಜ್ಜನ ಮನಸ್ಸು.

ನಾಲ್ಕೂಕಾಲಿಗೆ ಇವನು ಏಣಿಯ ಮೇಲಿದ್ದಾಗ ಹೆಂಡತಿಯ ಕರೆ ಬಂದಿತ್ತು. ಅಜ್ಜ ಇವನ ಮೊಬೈಲ್ ಎತ್ತಿ, “ಏಣಿ ಹತ್ತಿದ್ದಾನಮ್ಮ, ಆಮೇಲೆ ಮಾಡು” ಎಂದುಬಿಟ್ಟ. ಹೋದ ತಿಂಗಳು ಬಿದ್ದು ಕೈ ಉಳುಕಿಸಿಕೊಂಡವನು ಇನ್ನು ಏಣಿ ಹತ್ತುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟಿದ್ದ. ಅವಳಿಂದ ಬೈಸಿಕೊಂಡ ಸಿಟ್ಟನ್ನೆಲ್ಲ ಹಮಾಲಿಗಳೆದುರೇ ಅಜ್ಜನ ಮೇಲೆ ತೀರಿಸಿಕೊಂಡ.

“ಇನ್ನೊಬ್ಬರ ಮೊಬೈಲ್ ಮುಟ್ಟೋಕೆ ನಿಮಗೇನ್ರೀ ಹಕ್ಕು? ಇಷ್ಟು ವಯಸ್ಸಾಗಿದೆ, ಅಷ್ಟೂ ಗೊತ್ತಾಗಲ್ವಾ?”

ಅಜ್ಜನ ಮೀಸೆ ಅದುರಿತ್ತು. “ತಪ್ಪಾಯ್ತಪ್ಪ. ಇನ್ಮೇಲೆ ಅದು ಹತ್ತಿಕೊಂಡು ಉರೀತಾ ಇದ್ರೂ ಮುಟ್ಟಲ್ಲ.”

ಅದೇ ಬಿಸಿಯಲ್ಲಿ ಇವನು ಲ್ಯಾಪ್‌ಟಾಪ್ ಪಟ್ಟನೆ ಮುಚ್ಚಿ, ಚೀಲವನ್ನು ಸ್ಕೂಟರಿಗೆ ಕಟ್ಟಿ, “ನಾನು ಹೊರಟೆ” ಎಂದು ಅಜ್ಜನಿಗೆ ಕೇಳುವಂತೆ ಹೇಳಿಯೂ ಆಗಿತ್ತು. ಲೇಬಲ್ ನೆನಪಾದದ್ದು ಆಮೇಲೆ. ಅಜ್ಜ ಹಿಂದಿನ ಗೇಟು ಹಾಕಲು ಹೋದ ಹೊತ್ತು ನೋಡಿ, ಮುಖ ತೋರಿಸದೆ ಶೀತಕೋಣೆ ಹೊಕ್ಕಿದ್ದ. ಒಳಗೆ ಯಾರೂ ಇಲ್ಲವೆಂದೇ ಅಜ್ಜ ಬಾಗಿಲು ಹಾಕಿದ್ದು.

ಐದಕ್ಕೆ ಎಂಟು ನಿಮಿಷ. ಬೆರಳುಗಳು ಮರಗಟ್ಟುತ್ತಿದ್ದವು. ರಿಸೀವರ್ ಇಟ್ಟು, ಕೈಗೆ ಉಸಿರೂದಿ, ಮತ್ತೆ ಎತ್ತಿದ. ಟ್ರಿಣ್... ಟ್ರಿಣ್... ಗಾಜಿಗೆ ಹಣೆ ಒತ್ತಿದ. ಮೇಜಿನ ಮೇಲೆ ಕೆಂಪು ಫೋನಿನ ಪಕ್ಕದಲ್ಲಿ ಬೆಳಕು ಕಂಡಿತು. ಚಾರ್ಜಿಗೆ ಹಾಕಿ ಮರೆತುಬಂದ ಅವನ ಮೊಬೈಲ್! ಕರೆ ಬರುತ್ತಿತ್ತು.

ಹೆಂಡತಿಯೇ. ಇನ್ಯಾರು ಇಷ್ಟು ಬಿಡದೆ ಕರೆಯುತ್ತಾರೆ? ಎತ್ತದಿದ್ದರೆ ಗಾಬರಿಯಾಗುತ್ತಾಳೆ, ಗೋದಾಮಿಗೆ ಓಡಿಬರುತ್ತಾಳೆ. ಅರ್ಧ ಗಂಟೆಯ ಹಿಂದೆ ಮನಸಾರೆ ಶಪಿಸಿದ್ದವಳನ್ನು ಈಗ ಕಣ್ಣಿಗೊತ್ತಿಕೊಳ್ಳುವಂತೆ ನೆನೆದ. “ಬಿಡಬೇಡ ಕಣೇ, ಮಾಡ್ತಾನೇ ಇರು” ಎಂದು ಗೊಣಗಿದ.

ಐದಕ್ಕೆ ಎರಡು ನಿಮಿಷ. ಅಜ್ಜ ಎದ್ದ. ಬೀಗದಕೈಗಳ ಗೊಂಚಲು ಎತ್ತಿಕೊಂಡ. ಶೀತಕೋಣೆಯತ್ತ ಒಮ್ಮೆ ನೋಡಿದ ಕೂಡ. ಕತ್ತಲೆಯ ಗಾಜಿನಲ್ಲಿ ಅವನಿಗೆ ಏನು ಕಂಡೀತು? ಮೆಕ್ಯಾನಿಕ್ ಮುಷ್ಟಿಯಿಂದ ಬಾಗಿಲು ಗುದ್ದಿದ, ರಿಸೀವರಿನಲ್ಲಿ ಅಂಗಲಾಚಿದ. “ಅಜ್ಜಾ, ನಂದೇ ತಪ್ಪು. ಕಾಲಿಗೆ ಬೀಳ್ತೀನಿ. ಒಂದ್ಸಲ ಎತ್ತಿ. ಒಂದೇ ಒಂದ್ಸಲ!”

ಟ್ರಿಣ್... ಟ್ರಿಣ್...

ಅಜ್ಜ ಮೊಬೈಲಿನ ಮೇಲೆ ಬಗ್ಗಿದ. ಕೈ ಚಾಚಿದ. ಅರ್ಧದಲ್ಲೇ ಹಿಂದೆಗೆದ.

ಮರಗಟ್ಟಿದ ಕೈ ಜಾರಿ ಇತ್ತ ರಿಸೀವರ್ ಕೊಕ್ಕೆಯ ಮೇಲೆ ಬಿತ್ತು. ಗಾಜಿನಾಚೆ ಮೊಬೈಲಿನ ಬೆಳಕು ಅದೇ ಕ್ಷಣ ಆರಿತು.

ಮಧ್ಯಾಹ್ನ ಪರೀಕ್ಷೆಗೆಂದು ಪೆಟ್ಟಿಗೆಗೆ ತುಂಬಿದ್ದ ತನ್ನ ಮೊಬೈಲ್ ನಂಬರನ್ನು ಅವನು ಬದಲಿಸಿರಲೇ ಇಲ್ಲ.

ಎರಡೂ ಕೈಯಲ್ಲಿ ಹಿಡಿದು ರಿಸೀವರ್ ಎತ್ತಿದ. ಮೇಜಿನ ಮೇಲೆ ಮೊಬೈಲ್ ಮತ್ತೆ ಬೆಳಗಿತು, ಮತ್ತು ಮೀಸೆ ಅಜ್ಜ, ಕೊಟ್ಟ ಮಾತಿಗೆ ತಪ್ಪದೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅದನ್ನೇ ನೋಡುತ್ತ ನಿಂತ.