ಬಟ್ಟೆಯ ಒಳಮೈ

ಗುಳೇದಗುಡ್ಡದ ಆಸರೆ ಕೇಂದ್ರದಲ್ಲಿ ಕಣ್ಣು ಹೋದವರಿಗೆ ಎರಡರಲ್ಲಿ ಒಂದನ್ನು ಕೊಡುತ್ತಿದ್ದರು. ಕನ್ನಡಕ ಹಾಕಿದರೆ ಗೊತ್ತಿದ್ದವರ ಮುಖಗಳು ನೆನಪಿನಲ್ಲಿದ್ದಂತೆಯೇ ಎದುರು ಬರುತ್ತಿದ್ದವು. ಕೋಲು ಹಿಡಿದರೆ ಅದು ಸುತ್ತ ಇದ್ದದ್ದನ್ನು ಇದ್ದಂತೆಯೇ ಹೇಳುತ್ತಿತ್ತು.

ರವಿಕೆಯ ಖಣ ನೇಯುತ್ತಲೇ ಮುಪ್ಪಾದ ನೀಲವ್ವ ಮೊದಲು ಕನ್ನಡಕ ಹಾಕಿಕೊಂಡಳು. ಕಣ್ಣು ಹೋಗಿ ಎಂಟು ತಿಂಗಳಾದ ಮೇಲೆ ಗಂಡ ಮಲಕಾಜಪ್ಪ ಕಣ್ಣೆದುರು ನಿಂತ, ಮೀಸೆಯಡಿಯಲ್ಲೇ ನಗುತ್ತಾ.

"ಈ ಕನ್ನಡಕಾನ ತಗೋ," ಎಂದ ಅವನು. ಹಿಂದೆಯೇ ಮೂಗೆಳೆದ ಸದ್ದು ಕೇಳಿಸಿತು.

ನೀಲವ್ವ ಕೈ ಚಾಚಿ, ನೇಯ್ದ ಬಟ್ಟೆಯ ಒಳಮೈಯಲ್ಲಿ ಗಂಟು ಹುಡುಕುವಂತೆ ಹೆಬ್ಬೆರಳನ್ನು ಅವನ ಕೆನ್ನೆಯ ಮೇಲೆ ಎಳೆದಳು. ಕೆನ್ನೆ ಒದ್ದೆಯಾಗಿತ್ತು. ಕನ್ನಡಕದಲ್ಲಿ ಅವನಿನ್ನೂ ನಗುತ್ತಿದ್ದ.

"ನನಗ ಕೋಲು ಕೊಡ್ರಿ," ಎಂದಳು ಕೇಂದ್ರದವರಿಗೆ.

"ಬ್ಯಾಡ ಬಿಡು. ನಾ ನಗೋದಾದ್ರೂ ನಿನಗ ಕಾಣಲಿ," ಎಂದ ಮಲಕಾಜಪ್ಪ.

"ಒಳಮೈ ನೋಡದನ ನಾ ಎಂದಾದ್ರೂ ಖಣ ಮಡಚಿ ಇಟ್ಟೀನೇನು?"

ಮನೆಯ ದಾರಿಯಲ್ಲಿ ನೀಲವ್ವ ಕೋಲು ಹಿಡಿದು ಗಂಡನ ಪಕ್ಕದಲ್ಲೇ ನಡೆದಳು. ಕೋಲು ಕಲ್ಲು, ಗಟಾರ, ಎಮ್ಮೆ ಎಂದು ಹೇಳುತ್ತಾ ಬಂತು. ನಡುನಡುವೆ ಅದೇ ದನಿಯಲ್ಲಿ, "ಪಕ್ಕದವರು ಅಳುತ್ತಿದ್ದಾರೆ," ಎನ್ನುತ್ತಿತ್ತು.

ಮೂರನೆಯ ಸಲ ಅದು ಹಾಗೆಂದಾಗ ಮಲಕಾಜಪ್ಪ ನಾಲ್ಕು ಹೆಜ್ಜೆ ಹಿಂದುಳಿದ.

"ಪಕ್ಕದಲ್ಲಿ ಯಾರೂ ಇಲ್ಲ," ಎಂದಿತು ಕೋಲು.