ಚೀಲದ ಗಂಟು

ಅರಸಿನ ಎಲೆ ಹಬೆಯಲ್ಲಿ ಬೇಯುವ ವಾಸನೆ ಬಂದರೆ ಸಾಕು, ಪುಷ್ಪಾವತಿ ಕರಾವಳಿಯ ತವರೂರು ಕಾಪುವಿನ ಅಡುಗೆಮನೆಯ ಹೊಸ್ತಿಲಲ್ಲಿ, ಆ ಎಲೆಯಲ್ಲಿ ಸುತ್ತಿ ಬೇಯಿಸುವ ಅಕ್ಕಿಹಿಟ್ಟಿನ ಗಟ್ಟಿಗಾಗಿ ಕಾದು ಕೂತ ಹುಡುಗಿಯಾಗುತ್ತಿದ್ದಳು. ಎಲೆಗೆ ಅಂಟಿದ್ದನ್ನೂ ಬೆರಳಲ್ಲಿ ಕೆರೆದು ತಿನ್ನುತ್ತಿದ್ದ ಕಾಲ ಅದು. ಇವತ್ತು ಅದೇ ವಾಸನೆ ದಿಲ್ಲಿಯ ಮಯೂರ್ ವಿಹಾರದ ಫ್ಲ್ಯಾಟಿನ ತುಂಬ ಹಬ್ಬಿತ್ತು. ಆದರೂ ಅವಳು ಮತ್ತೆ ಮತ್ತೆ ತನ್ನ ಕೈಯನ್ನೇ ಮೂಸಿ ನೋಡಿಕೊಳ್ಳುತ್ತಿದ್ದಳು. ಎಷ್ಟು ಸೋಪು ಹಚ್ಚಿದರೂ ನಿನ್ನೆಯ ಫಿನಾಯಿಲ್ ಹೋಗಿರಲಿಲ್ಲ.

“ಆ ಮಿಠಾಯಿ ಡಬ್ಬಿಗಳೆಲ್ಲ ಎಲ್ಲಿ ಹೋದವು ಮಾರಾಯ್ತಿ?” ಹಾಲ್‌ನಿಂದ ಗಂಡ ತನಿಯಪ್ಪ ಕೇಳಿದ.

“ಕೆಲಸದವಳಿಗೆ ಕೊಟ್ಟೆ.”

“ಅವಳು ಛಠ್ ಹಬ್ಬಕ್ಕೆ ಊರಿಗೆ ಹೋಗಿಯಾಯಿತಲ್ಲ?”

ಪುಷ್ಪಾವತಿ ಪಾತ್ರೆಯ ಮುಚ್ಚಳವನ್ನು ಸುಮ್ಮನೆ ತೆಗೆದು ಮುಚ್ಚಿದಳು.

“ಬಿಸಾಡಿದೆ ಅಂತ ಮಾತ್ರ ಹೇಳಬೇಡ. ನಾವು ಅನ್ನ ಬಡಿಸಿ ಬದುಕಿದವರು.”

“ಬಡಿಸಲು ಓಡಾಡಿದ ಕಾಲು ಉಳಿಯಬೇಕಲ್ಲ?” ಎಂದಳು.

ಲಕ್ಷ್ಮೀ ನಗರದಲ್ಲಿ ಹೋಟೆಲು ನಡೆಸುತ್ತಿದ್ದಾಗ ತನಿಯಪ್ಪ ದಿನವೂ ತಟ್ಟೆ ತೊಳೆಯುವ ಜಾಗದಲ್ಲಿ ನಿಂತು, ಏನು ಕಸಕ್ಕೆ ಹೋಗುತ್ತಿದೆ ಎಂದು ನೋಡುತ್ತಿದ್ದ. ಪಾತ್ರೆಯಲ್ಲಿ ಉಳಿದದ್ದನ್ನು ಕೊನೆಗೆ ತಾನೇ ಉಣ್ಣುತ್ತಿದ್ದ. ಸಕ್ಕರೆ ಕಾಯಿಲೆ ಕಳೆದ ಚಳಿಗಾಲದಲ್ಲಿ ಅವನ ಎರಡು ಕಾಲ್ಬೆರಳು ತೆಗೆಸಿತ್ತು. ಹಬ್ಬ ಮುಗಿದ ಮೇಲಿನ ಪರೀಕ್ಷೆಯಲ್ಲೂ ಸಕ್ಕರೆ ಇಳಿಯದಿದ್ದರೆ ಪಾದವನ್ನೇ ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು. ಅದಕ್ಕೇ ಈ ದೀಪಾವಳಿಗೆ ಬೆಲ್ಲದ ಹೂರಣವಿಲ್ಲದ, ಬರೀ ಉಪ್ಪಿನ ಗಟ್ಟಿ.

ಆದರೆ ದಿಲ್ಲಿಯ ದೀಪಾವಳಿ ಬಾಗಿಲು ಬಡಿದು ಒಳಗೆ ಬರುತ್ತದೆ. ಮೇಲಿನ ಮನೆಯ ಕಾಜು ಬರ್ಫಿ, ಎದುರುಮನೆಯ ಬೇಸನ್ ಲಡ್ಡು, ಎಲ್ಲರ ಮನೆಯ ಸೋನ್ ಪಾಪಡಿ. “ಹಾಳಾಗುತ್ತದಲ್ಲ” ಎನ್ನುತ್ತಾ ತನಿಯಪ್ಪ ಪ್ರತಿ ಡಬ್ಬಿಯಿಂದಲೂ ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅವನು ಕೈ ಹಾಕಿದ್ದನ್ನು, ಕಚ್ಚಿ ಇಟ್ಟದ್ದನ್ನು ಇನ್ನೊಬ್ಬರಿಗೆ ಕೊಡುವುದು ಹೇಗೆ? ಎಂಜಲು ಕೊಟ್ಟು ಯಾರನ್ನೂ ಅವಮಾನಿಸಬಾರದು ಎಂದು ಕಲಿತು ಬೆಳೆದವಳು ಪುಷ್ಪಾವತಿ. ಕಸದ ಬುಟ್ಟಿಗೆ ಹಾಕಿದರೆ ಅವನು ಹೆಕ್ಕಿ, ಒರೆಸಿ, ತಿನ್ನುತ್ತಿದ್ದ. ಹೋದ ವರ್ಷ ಕಣ್ಣಾರೆ ಕಂಡಿದ್ದಳು. ಹಾಗಾಗಿ ನಿನ್ನೆ ಮಧ್ಯಾಹ್ನ ಅವನು ಮಲಗಿದ್ದಾಗ ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದು, ಮೇಲೆ ಫಿನಾಯಿಲ್ ಹೊಯ್ದು, ಬಿಗಿಯಾಗಿ ಗಂಟು ಹಾಕಿ ಬಾಗಿಲ ಹೊರಗೆ ಇಟ್ಟಿದ್ದಳು. ಸಂಜೆ ಕಸದ ಗಾಡಿಯ ರಾಮ್‌ಸರನ್ ಅದನ್ನು ಒಯ್ದಿದ್ದ.

ಬೆಲ್ ಆಯಿತು. ಒಮ್ಮೆ ಮಾತ್ರ, ಮೆಲ್ಲಗೆ. ಮನೆಯಲ್ಲಿ ಕಾಯಿಲೆಯವರಿದ್ದಾರೆಂದು ರಾಮ್‌ಸರನ್ ಯಾವಾಗಲೂ ಹಾಗೇ ಒತ್ತುತ್ತಿದ್ದ.

“ಮಾತಾಜಿ, ನಿನ್ನೆಯ ಮಿಠಾಯಿಯಲ್ಲಿ ಫಿನಾಯಿಲ್ ಇತ್ತಾ?”

ಪುಷ್ಪಾವತಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಯಾಕೆ ಭಯ್ಯಾ? ಯಾರಾದರೂ...”

“ನನ್ನ ಸಣ್ಣವಳು ಒಂದು ಲಡ್ಡು ಬಾಯಿಗೆ ಹಾಕಿಕೊಂಡಳು. ವಾಂತಿಯಾಯಿತು. ನಾಲಿಗೆಯೆಲ್ಲ ಬೊಬ್ಬೆ. ಆಸ್ಪತ್ರೆಗೆ ತೋರಿಸಿದೆ, ಈಗ ಠೀಕ್ ಇದ್ದಾಳೆ. ನೀವು ಗಾಬರಿಯಾಗಬೇಡಿ.” ಅವನು ದನಿ ಇನ್ನೂ ತಗ್ಗಿಸಿದ. “ತಪ್ಪು ನನ್ನದೇ. ಬೇರೆ ಮನೆಯದಾದರೆ ಮೊದಲು ನಾನು ತಿಂದು ನೋಡುತ್ತೇನೆ. ನಾವು ತಿನ್ನಬಾರದು ಅಂತಲೇ ಏನಾದರೂ ಸುರಿಯುವವರಿದ್ದಾರೆ. ಇದಕ್ಕೂ ವಾಸನೆ ಬಂತು. ಚೀಲಕ್ಕೆ ಹೊರಗಿಂದ ತಾಗಿರಬೇಕು ಅಂದುಕೊಂಡೆ. ನಿಮ್ಮ ಮನೆಯದಲ್ಲವಾ.”

“ನಿಮಗೆ ಅಂತ ಹಾಕಿದ್ದಲ್ಲ ಭಯ್ಯಾ, ದೇವರಾಣೆ. ಅದು...”

ಬೆನ್ನ ಹಿಂದೆ ಉಸಿರು ಕೇಳಿಸಿತು. ತನಿಯಪ್ಪ ಗೋಡೆ ಹಿಡಿದು ನಿಂತಿದ್ದ. ಯಾರಿಗೆಂದು ಹಾಕಿದ್ದು ಎನ್ನುವುದು ಅವನ ಮುಖದಲ್ಲಿ ಆಗಲೇ ಇತ್ತು.

“ಇರಲಿ ಮಾತಾಜಿ,” ರಾಮ್‌ಸರನ್ ಹೇಳಿದ. “ಒಂದೇ ಮಾತು. ಮುಂದೆ ಹಾಗೇನಾದರೂ ಹಾಕಿದರೆ ಚೀಲಕ್ಕೆ ಗಂಟು ಹಾಕಬೇಡಿ. ಗಂಟು ಕಂಡರೆ ಮಕ್ಕಳು ಖುಷಿಪಡುತ್ತವೆ. ಒಳಗೆ ಒಳ್ಳೆಯದಿದೆ, ಯಾರೋ ಜೋಪಾನ ಮಾಡಿ ಕಳಿಸಿದ್ದಾರೆ ಅಂದುಕೊಳ್ಳುತ್ತವೆ.”

ತನಿಯಪ್ಪ ಒಳಗೆ ಹೋದ. ಬ್ಯಾಂಡೇಜಿನ ಕಾಲು ನೆಲಕ್ಕೆ ಉಜ್ಜುವ ಸದ್ದು ಅಡುಗೆಮನೆಯವರೆಗೂ ಹೋಯಿತು, ಎಷ್ಟೋ ಹೊತ್ತಿನ ಮೇಲೆ ತಿರುಗಿ ಬಂತು. ಅವನ ಕೈಯಲ್ಲಿ ಹೋಟೆಲಿನ ಕಾಲದ ಸ್ಟೀಲ್ ಡಬ್ಬಿ. ಅದರೊಳಗೆ ಹಬೆಯಾಡುವ ಗಟ್ಟಿಗಳು, ಒಂದನ್ನೂ ಉಳಿಸದೆ. ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ.

ಹೆಂಡತಿಯ ಕಡೆ ನೋಡದೆ ಅವನು ಡಬ್ಬಿಯನ್ನು ರಾಮ್‌ಸರನ್‌ನ ಕೈಗಿಟ್ಟ. ರಾಮ್‌ಸರನ್ ಎರಡೂ ಕೈಯಲ್ಲಿ ತೆಗೆದುಕೊಂಡು, ಹಣೆಗೆ ಒತ್ತಿಕೊಂಡು, ಮೆಟ್ಟಿಲಿಳಿದ.

ತಿರುವಿನಲ್ಲಿ, ಇನ್ನು ತಾನು ಅವರಿಗೆ ಕಾಣುವುದಿಲ್ಲ ಎಂದುಕೊಂಡು, ಅವನು ಮುಚ್ಚಳ ತೆಗೆದು ಮೂಸಿದ. ಇನ್ನೊಮ್ಮೆ ಮೂಸಿದ. ಅರಸಿನ ಎಲೆಯ ವಾಸನೆ ಅವನಿಗೆ ಗೊತ್ತಿರಲಿಲ್ಲ.